ಹಸಿ ಮರದ ಸ್ಟೂಲುಗಳು

ಬಸ್ ನಿಲ್ದಾಣದಲ್ಲಿ ಅಕ್ಕ ತಮ್ಮ ಇಬ್ಬರು, ಅಂಗಡಿಯವರು ಹಿಂದಿರುಗಿಸಿದ ಸ್ಟೂಲುಗಳನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದರು. ಬೆಂಚಿನ ಮೇಲೆ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದ ಮುದುಕರೊಬ್ಬರಿಗೆ ಬೇಡವೆಂದರೂ ಅವರ ಮಾತು ಕಿವಿಗೆ ಬಿತ್ತು.

"ಮರ ಒಣಗಲಿ ಅಂತ ಬಾಯಿ ಬಡಕೊಂಡೆ. ನೋಡು, ಕಾಲೆಲ್ಲ ಸೊಟ್ಟಗಾಗಿದೆ."

"ಅಂಗಡಿಯವರು ಅವಸರ ಮಾಡಿದ್ರು ಅಕ್ಕ."

"ಅವರ ಅವಸರ ಮರಕ್ಕೆ ಗೊತ್ತಾಗುತ್ತಾ?"

"ಬೆನ್ನು ಮುರಿಯೋ ಹಾಗೆ ದುಡಿದಿದ್ದೀನಿ."

"ಇಲ್ಲ ಅನ್ನಲ್ಲ. ಆದ್ರೆ ಹಸಿ ಮರದ ಮೇಲೆ ದುಡಿದೆ. ನಾನು ಕೆಲಸ ಬಿಟ್ಟು ನಿನ್ನ ಜೊತೆ ಸೇರಿದ್ದು ಇದಕ್ಕಾ?"

ತಮ್ಮ ತಲೆ ಕೆರೆದುಕೊಂಡ. "ಪೇಟೆಯ ಇನ್ನೊಂದು ಅಂಗಡಿಗೂ ಮುಂದಿನ ತಿಂಗಳು ಸ್ಟೂಲು ಕೊಡ್ತೀನಿ ಅಂದುಬಿಟ್ಟಿದ್ದೀನಿ."

ಅಕ್ಕ ಒಂದು ಸ್ಟೂಲನ್ನು ಕೈಗೆತ್ತಿಕೊಂಡಳು.

"ಎತ್ತು, ನಡಿ. ಆ ಅಂಗಡಿಯವರಿಗೆ ಇವನ್ನೇ ತೋರಿಸಿ, ಮರ ಒಣಗಿಸಿ ಬರೋ ವರ್ಷ ಕೊಡ್ತೀವಿ ಅಂತ ನೀನೇ ಹೇಳು."

"ನಗ್ತಾರೆ."

"ನಗಲಿ. ಆಮೇಲೆ ಊರೇ ನಗೋದಕ್ಕಿಂತ ವಾಸಿ."

ಬಂದ ಬಸ್ಸನ್ನು ಬಿಟ್ಟು ಇಬ್ಬರೂ ಪೇಟೆಯ ಕಡೆಗೆ ನಡೆದರು.