ಸಿಗರೇಟು ಪ್ಯಾಕಿನ ಗಂಟಲಪ್ಪ

ಇಷ್ಟು ಹೊತ್ತು ಭಯದ ವಿಚಾರ ಮಾತಾಡುತ್ತಿದ್ದೆವು. ಭಯ ಮನುಷ್ಯನನ್ನು ತಿದ್ದುತ್ತದೆಯೇ ಅಂತ. ತಿದ್ದುತ್ತದೆ ಎಂದು ಮುಂದಿನ ಸಾಲಿನವರು ತಲೆಯಾಡಿಸಿದಿರಿ. ಹಿಂದೆ ಕಂಬಕ್ಕೆ ಒರಗಿ ಕುಳಿತವರು ಆಡಿಸಲಿಲ್ಲ. ಯಾರು ಸರಿ ಎಂದು ನಾನು ಈಗಲೇ ಹೇಳುವುದಿಲ್ಲ. ಒಂದು ಕಥೆ ಹೇಳುತ್ತೇನೆ, ಆಮೇಲೆ ನೀವೇ ನೋಡಿಕೊಳ್ಳಿ.

ಯಾವುದೋ ಒಂದು ಊರು ಅಂತ ಇಟ್ಟುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಅಕ್ಕಿ ಗಿರಣಿ ಇತ್ತು, ಟ್ರ್ಯಾಕ್ಟರು ಇತ್ತು, ಮನೆಯ ಮೇಲೆ ಮಹಡಿ ಏಳುತ್ತಿತ್ತು. ಕೆಟ್ಟವನಲ್ಲ. ಬಾಗಿಲಿಗೆ ಬಂದವರನ್ನು ಕಾಫಿ ಕುಡಿಸದೆ ಕಳಿಸುತ್ತಿರಲಿಲ್ಲ. ಚಟ ಅಂತ ಇದ್ದದ್ದು ಸಿಗರೇಟು ಒಂದೇ. ಎದ್ದ ಕೂಡಲೇ ಒಂದು, ಕಾಫಿ ಆದಮೇಲೆ ಒಂದು. ಕರೆಂಟು ಹೋಗಿ ಗಿರಣಿ ನಿಂತರೆ ಬೇಸರಕ್ಕೆ ಒಂದು, ಕರೆಂಟು ಬಂದರೆ ಸಂತೋಷಕ್ಕೆ ಇನ್ನೊಂದು. ಬೆಳಗ್ಗೆ ಅವನ ಕೆಮ್ಮು ಕೇಳಿಸಿದ ಮೇಲೆಯೇ ಬೀದಿಯವರು ಹಾಲಿನ ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು. ಗಡಿಯಾರದ ಅಗತ್ಯ ಬೀಳುತ್ತಿರಲಿಲ್ಲ.

ದೀಪಾವಳಿಯಿಂದ ಈಚೆಗೆ ಅವನ ದನಿ ಒಡೆದಿತ್ತು. ನೆಗಡಿಯಿಲ್ಲ, ಜ್ವರವಿಲ್ಲ, ಮಾತು ಮಾತ್ರ ಹರಿದ ತಮಟೆಯಂತೆ ಬರುತ್ತಿತ್ತು.

“ಆಸ್ಪತ್ರೆಗೆ ಹೋಗಿ ಒಂದ್ಸಲ ತೋರಿಸ್ಕೊಂಡು ಬನ್ನಿ ಅಂದ್ರೆ,” ಅಂತ ಹೆಂಡತಿ ದಿನವೂ ಹೇಳುತ್ತಿದ್ದಳು.

“ಮಹಡಿ ಮುಗೀಲಿ ಕಣೆ.”

“ಮಹಡಿ ಮುಗಿಯೋದ್ರೊಳಗೆ ನೀವೇ ಮುಗಿದುಹೋದ್ರೆ ಮೇಲೆ ಯಾರು ಮಲಗ್ತಾರೆ?”

ಈ ಮಾತಿಗೆ ಅವನು ಇನ್ನೊಂದು ಸಿಗರೇಟು ಹಚ್ಚಿದ. ನೋಡಿ, ಆ ತಾಯಿಗೆ ಮಹಡಿ ಬೇಡವಾಗಿತ್ತು, ಗಿರಣಿ ಬೇಡವಾಗಿತ್ತು. ಅವಳ ಪ್ರಾಣವೆಲ್ಲ ಗಂಡನ ಗಂಟಲಿನಲ್ಲಿ ಸಿಕ್ಕಿಕೊಂಡಿತ್ತು.

ಇಂಥ ಹೊತ್ತಿನಲ್ಲಿ ಪ್ಯಾಕಿನ ಮೇಲೆ ಚಿತ್ರ ಬಂತು. ನೀವೆಲ್ಲ ಕಂಡಿದ್ದೀರಿ. ಕಂಡಿಲ್ಲ ಅನ್ನುವವರು ಜೇಬಿನಲ್ಲಿ ಕೈಯಾಡಿಸಿ ನೋಡಿ. ಒಬ್ಬ ಮನುಷ್ಯನ ಕೊರಳು, ಕೊರಳಲ್ಲಿ ಬಾಯಿಬಿಟ್ಟ ಹುಣ್ಣು, ಮೇಲೆ ನಮ್ಮನ್ನೇ ನೋಡುವ ಎರಡು ಕಣ್ಣು. ಸಾಹುಕಾರನ ಕೈ ನಡುಗಿ ಪ್ಯಾಕು ಚರಂಡಿಗೆ ಬಿತ್ತು. ಅವತ್ತು ಇಡೀ ದಿನ ಅವನು ಸೇದಲಿಲ್ಲ. ಗಿರಣಿಯಲ್ಲಿ ಒಂದು ಮೂಟೆಯ ಮೇಲೆ ಸುಮ್ಮನೆ ಕುಳಿತಿದ್ದ. ಚಿತ್ರ ತನ್ನ ಕೆಲಸ ಮಾಡಿತ್ತು. ಆದರೆ ಯಾಕೆ ಸಪ್ಪಗಿದ್ದೀರಿ ಅಂತ ಗಿರಣಿಗೆ ಬಂದವರು ಯಾರೊಬ್ಬರೂ ಕೇಳಲಿಲ್ಲ. ಸಂಜೆಯಾಯಿತು, ಕುಳಿತಿದ್ದವನು ಎದ್ದ. ಮಾರನೆಯ ದಿನ ನೇರ ಅಂಗಡಿಗೆ ಹೋದ.

“ಈ ಗಂಟಲಿಂದು ಬೇಡ ಕಣಪ್ಪ. ಬೇರೆ ಯಾವುದಿದೆ?”

ಅಂಗಡಿಯವನು ಸೀರೆ ಹರವುವವನಂತೆ ಪ್ಯಾಕುಗಳನ್ನೆಲ್ಲ ಹರವಿದ. “ಬಾಯಿದು ಇತ್ತು ಸಾಹುಕಾರ್ರೇ, ಬೆಳಗ್ಗೇನೇ ಖಾಲಿ ಆಯ್ತು. ಮೇಷ್ಟ್ರು ಅದನ್ನೇ ಕೇಳೋದು. ಈಗ ಬಂದಿರೋದೆಲ್ಲ ಗಂಟಲೇ.”

“ಸ್ವಲ್ಪ ಚಿಕ್ಕ ಹುಣ್ಣು ಇರೋದು?”

“ಅಳತೆ ನೋಡಿ ತಗೊಳ್ಳೋಕೆ ಇದೇನು ಚಪ್ಪಲಿನಾ ಸಾಹುಕಾರ್ರೇ?”

ಸರಿ, ಗಂಟಲನ್ನೇ ಕೊಂಡ. ಮೊದಲು ಚಿತ್ರವನ್ನು ಒಳಮುಖ ಮಾಡಿ ಜೇಬಿನಲ್ಲಿ ಇಡುತ್ತಿದ್ದ. ಸ್ವಲ್ಪ ದಿನಕ್ಕೆ ಹೇಗೆ ಬೇಕೋ ಹಾಗೆ ಇಟ್ಟ. ಇನ್ನೂ ಸ್ವಲ್ಪ ದಿನಕ್ಕೆ ಪ್ಯಾಕು ತೆಗೆಯುವಾಗ, “ಏನಪ್ಪಾ, ಚೆನ್ನಾಗಿದೀಯಾ?” ಅಂತ ಕೇಳತೊಡಗಿದ. ಚಿತ್ರದವನಿಗೆ ಗಂಟಲಪ್ಪ ಅಂತ ಹೆಸರೂ ಇಟ್ಟ.

ಹೆಂಡತಿ ಯೋಚಿಸಿದಳು. ಚಿತ್ರ ಚಿಕ್ಕದಾಯಿತು, ಅದಕ್ಕೇ ನಾಟುತ್ತಿಲ್ಲ. ಪ್ಯಾಕುಗಳನ್ನು ಕತ್ತರಿಸಿ, ಅನ್ನದ ಅಗುಳು ಹಚ್ಚಿ, ಅವನು ಕಣ್ಣು ಹಾಯಿಸುವ ಕಡೆಯಲ್ಲೆಲ್ಲ ಅಂಟಿಸಿದಳು. ಕಾಫಿ ಫಿಲ್ಟರಿನ ಮುಚ್ಚಳದ ಮೇಲೆ ಗಂಟಲಪ್ಪ. ಬಚ್ಚಲ ಬಾಗಿಲಲ್ಲಿ ಗಂಟಲಪ್ಪ. ಕ್ಷೌರದ ಕನ್ನಡಿಯ ಎಡಕ್ಕೊಬ್ಬ, ಬಲಕ್ಕೊಬ್ಬ. ಗಂಡ ಏನೆಂದ ಗೊತ್ತೇ? “ಒಳ್ಳೇದು ಮಾಡಿದೆ ಕಣೆ. ಇವನು ಪಕ್ಕದಲ್ಲಿದ್ರೆ ನನ್ನ ಮುಖ ಎಷ್ಟೋ ವಾಸಿ ಕಾಣುತ್ತೆ.”

ನಗುತ್ತಿದ್ದೀರಿ. ನಗಿ. ಕಥೆ ಇನ್ನೂ ಮಹಡಿ ಹತ್ತಿಲ್ಲ.

ನಮ್ಮಲ್ಲಿ ಹೊಸ ಮನೆ ಕಟ್ಟುವಾಗ ಏನು ಮಾಡುತ್ತೇವೆ? ಕಂಡವರ ಕಣ್ಣು ಬೀಳದಿರಲಿ ಅಂತ ದೃಷ್ಟಿಗೊಂಬೆ ಕಟ್ಟುತ್ತೇವೆ. ಕೋರೆಹಲ್ಲು, ಚಾಚಿದ ನಾಲಗೆ, ಗುಡ್ಡೆಗಣ್ಣು. ಸಾಹುಕಾರನ ಮಹಡಿಗೂ ಒಂದು ಕಟ್ಟಿದ್ದರು. ಮಳೆಗೆ ಅದರ ಬಣ್ಣವೆಲ್ಲ ತೊಳೆದುಹೋಗಿ, ಕೋರೆಹಲ್ಲು ಮುರಿದು ಬಿದ್ದಿತ್ತು.

ಗಾರೆ ಮೇಸ್ತ್ರಿ ತಲೆ ಎತ್ತಿ ನೋಡಿ ಹೇಳಿದ, “ಸಾಹುಕಾರ್ರೇ, ಇದು ನಗ್ತಾ ಇದೆ. ದಾರೀಲಿ ಹೋಗೋರ್ನ ಊಟಕ್ಕೆ ಕರೆಯೋ ಹಾಗಿದೆ.”

“ಬೇರೆ ಗೊಂಬೆ ತರಿಸೋಣ ಬಿಡು,” ಅಂತ ಸಾಹುಕಾರ ಪ್ಯಾಕು ತೆಗೆದ.

ಮೇಸ್ತ್ರಿ ಪ್ಯಾಕನ್ನು ನೋಡಿದ, ಗೊಂಬೆಯನ್ನು ನೋಡಿದ. “ಇದನ್ನ ಕೈಯಲ್ಲಿಟ್ಕೊಂಡು ಗೊಂಬೆ ಯಾಕೆ ಹುಡುಕ್ತೀರಿ?”

ಫ್ಲೆಕ್ಸ್ ಅಂಗಡಿಯಲ್ಲಿ ಗಂಟಲಪ್ಪನನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಮಹಡಿಯ ಮುಂದೆ ಇಳಿಬಿಟ್ಟರು. ಬಸ್ಸಿನಲ್ಲಿ ಹೋಗುವವರು ನೋಡಿ “ಥೂ” ಅಂತ ಮುಖ ತಿರುಗಿಸಿದರು. ಮಹಡಿ ಎಷ್ಟು ಚೆನ್ನಾಗಿದೆ ಅಂತ ಯಾರ ಬಾಯಲ್ಲೂ ಬರಲಿಲ್ಲ. ತಾರಸಿ ಬಿರುಕು ಬಿಡಲಿಲ್ಲ, ಕೆಲಸದವರು ರಜಾ ಹಾಕಲಿಲ್ಲ. ಗಂಟಲಪ್ಪನಿಗೆ ಶಕ್ತಿ ಇದೆ ಅಂತ ಊರು ತೀರ್ಮಾನಿಸಿತು.

ಮೊದಲು ಬಂದವಳು ಎಮ್ಮೆಯ ಒಡತಿ. “ನಮ್ಮೆಮ್ಮೆ ಹಾಲು ಬತ್ತಿಸ್ಕೊಂಡೈತೆ, ಯಾರ ಕಣ್ಣು ಬಿತ್ತೋ. ಒಂದು ಖಾಲಿ ಪ್ಯಾಕು ಕೊಡಿ ಸಾಹುಕಾರ್ರೇ, ಅದರ ಕೊರಳಿಗೆ ಕಟ್ತೀನಿ.” ಕಟ್ಟಿದಳು, ಎಮ್ಮೆ ಹಾಲು ಕೊಟ್ಟಿತು. ಅದೇ ವಾರ ಎಮ್ಮೆಗೆ ಹಿಂಡಿ ಹಾಕಲೂ ಶುರು ಮಾಡಿದ್ದಳು ಅನ್ನಿ. ಆದರೆ ಹಿಂಡಿಯ ಮಹಿಮೆಯನ್ನು ಯಾರು ಹಾಡುತ್ತಾರೆ? ಆಮೇಲೆ ಪಂಪ್‌ಸೆಟ್ಟಿಗೆ ಕಟ್ಟಿದರು, ತೊಟ್ಟಿಲಿಗೆ ಕಟ್ಟಿದರು, ಮದುವೆ ಗಂಡಿನ ಕಾರಿಗೆ ಹೂವಿನ ಜೊತೆ ಕಟ್ಟಿದರು. ಅಂಗಡಿಯಿಂದ ತಂದ ತುಂಬಿದ ಪ್ಯಾಕು ನಡೆಯುವುದಿಲ್ಲ, ಸೇದಿ ಖಾಲಿ ಮಾಡಿದ್ದೇ ಆಗಬೇಕು, ಅದೂ ಸಾಹುಕಾರನ ಕೈಯಿಂದಲೇ ಆಗಬೇಕು ಅಂತ ಒಂದು ಶಾಸ್ತ್ರವೂ ಹುಟ್ಟಿಕೊಂಡಿತು. ಇಂಥ ಶಾಸ್ತ್ರಗಳನ್ನು ಹುಟ್ಟಿಸುವುದರಲ್ಲಿ ನಾವು ಯಾರಿಗೇನು ಕಡಿಮೆ?

ಸಾಹುಕಾರನ ಜಗಲಿಯ ಮೇಲೆ ಜನ ಕಾಯುತ್ತ ಕುಳಿತರು. “ಇನ್ನೆರಡು ಉಳಿದಿದೆ, ಕೂತ್ಕೊಳಮ್ಮ, ಮುಗಿಸಿ ಕೊಡ್ತೀನಿ,” ಅಂತ ಅವನು ಒಂದರ ಬೆಂಕಿಯಿಂದ ಇನ್ನೊಂದನ್ನು ಹಚ್ಚುತ್ತಿದ್ದ.

ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು. “ಏನ್ರೀ ಇದು?”

“ಊರಿನ ಕೆಲಸ ಕಣೆ. ಇಲ್ಲ ಅನ್ನೋಕಾಗುತ್ತಾ?”

“ಎಮ್ಮೆ ಕೊರಳು ನೋಡೋಕೆ ಇಷ್ಟು ಜನ ಬಂದಿದಾರೆ. ನಿಮ್ಮ ಕೊರಳು ನೋಡೋರು ಒಬ್ರೂ ಇಲ್ವಲ್ಲ.”

ಜಗಲಿಯ ಮೇಲಿದ್ದವರು ನೆಲ ನೋಡಿದರು. ಆದರೆ ಎದ್ದು ಹೋದವರು ಯಾರೂ ಇಲ್ಲ.

ಅಮಾವಾಸ್ಯೆ ಬಂತು. ಫ್ಲೆಕ್ಸಿಗೆ ಹಾರ ಹಾಕಿದರು, ಕಾಯಿ ಒಡೆದರು. ಊದುಬತ್ತಿ ಗಾಳಿಗೆ ಮತ್ತೆ ಮತ್ತೆ ಆರಿಹೋಗುತ್ತಿತ್ತು. ಕಾಯಿ ಒಡೆದವನಿಗೆ ಒಂದು ಉಪಾಯ ಹೊಳೆಯಿತು. ಜೇಬಿನಿಂದ ಸಿಗರೇಟು ತೆಗೆದು, ಹಚ್ಚಿ, ಬಾಳೆಹಣ್ಣಿಗೆ ಚುಚ್ಚಿ ಗಂಟಲಪ್ಪನ ಮುಂದಿಟ್ಟ. ಅದು ಆರಲಿಲ್ಲ. ಜನ ಭಕ್ತಿಯಿಂದ ಕೈಮುಗಿದರು. ಯೋಚನೆ ಮಾಡಿ. ಯಾವುದನ್ನು ಬಿಡಿ ಅಂತ ಹೇಳಲು ಆ ಚಿತ್ರ ಬಂದಿತ್ತೋ, ಅದನ್ನೇ ಅದರ ಮುಂದೆ ಎಡೆ ಇಟ್ಟರು.

ಅದೇ ಹೊತ್ತಿಗೆ ದಾರಿಯಲ್ಲಿ ಹೋಗುತ್ತಿದ್ದ ಬಸ್ಸು ನಿಂತಿತು. ಕೈಯಲ್ಲಿ ಬಟ್ಟೆಯ ಚೀಲ ಹಿಡಿದ ಒಬ್ಬ ಹೆಂಗಸು ಇಳಿದು ಬಂದು ಫ್ಲೆಕ್ಸಿನ ಮುಂದೆ ನಿಂತಳು. ನೋಡಿಯೇ ನೋಡಿದಳು.

“ಏನಮ್ಮಾ, ಹರಕೆನಾ?” ಕಾಯಿ ಒಡೆದವನು ಕೇಳಿದ.

“ಇವ್ರು ನಮ್ಮ ಮನೆಯೋರು.”

ಎಮ್ಮೆಯ ಒಡತಿ ದಡಕ್ಕನೆ ಅವಳ ಕಾಲಿಗೆ ಬಿದ್ದಳು. ಇನ್ನೊಬ್ಬಳು ಕೈಮುಗಿದಳು, “ತಾಯೀ, ನನ್ನ ಮಗಳಿಗೆ ಗಂಡು ಕೂಡಿ ಬರ್ತಿಲ್ಲ. ಸ್ವಾಮಿಯೋರಿಗೆ ಒಂದು ಮಾತು ಹೇಳಿ.”

“ಇದ್ದಾಗ್ಲೇ ನನ್ನ ಮಾತು ಕೇಳ್ತಿರ್ಲಿಲ್ಲ ಕಣವ್ವ,” ಅಂದಳು ಆ ಹೆಂಗಸು. “ಸ್ವಾಮಿ ಅಂತ ಯಾರು ಹೇಳಿದ್ರು? ಬಳೆ ಮಾರ್ತಿದ್ರು. ಬೀದಿ ಆ ತುದೀಲಿ ನಿಂತು ಕೂಗಿದ್ರೆ ಈ ತುದಿ ಅಡುಗೆಮನೆ ಒಳಗೆ ಕೇಳ್ತಿತ್ತು. ಅಂಥ ಗಂಟಲು.”

ಸಾಹುಕಾರನ ಹೆಂಡತಿ ಮೆಲ್ಲನೆ ಕೇಳಿದಳು, “ಹೆಸರೇನಮ್ಮ ಅವರದು?”

ಗಂಡನ ಹೆಸರು ಹೇಳಬಾರದು ಅನ್ನುವ ಕಾಲದ ಹೆಂಗಸು ಅದು. “ಇಷ್ಟು ವರ್ಷ ಬಾಯಿ ಬಿಟ್ಟು ಹೇಳಿದೋಳಲ್ಲ ನಾನು. ಈಗ ನಾನೂ ಹೇಳದೇ ಹೋದ್ರೆ ಅವ್ರಿಗೆ ಹೆಸರೇ ಉಳಿಯಲ್ಲ,” ಅಂದಳು. “ಮರಿಹೊನ್ನಯ್ಯ.”

ಕಾಯಿ ಒಡೆದವನು ಬಗ್ಗಿ ಬಾಳೆಹಣ್ಣಿನಿಂದ ಸಿಗರೇಟು ಕಿತ್ತು, ಕಾಲಲ್ಲಿ ಹೊಸಕಿದ. ಯಾರೂ ಅವನಿಗೆ ಹೇಳಿರಲಿಲ್ಲ.

“ಆಸ್ಪತ್ರೆಯೋರು ಫೋಟೋ ತೆಗೀಬಹುದಾ ಅಂತ ಕೇಳಿದಾಗ ಅವ್ರಿಗೆ ಮಾತು ಹೋಗಿತ್ತು,” ಅಂದಳು ಅವಳು. “ಸ್ಲೇಟಲ್ಲಿ ಬರೆದ್ರು, ತೆಗೀಲಿ, ನೋಡಿದೋರು ಒಬ್ರಾದ್ರೂ ಬಿಡ್ಲಿ ಅಂತ. ಅದಕ್ಕೇ ಹೋದ ಊರಲ್ಲೆಲ್ಲ ಕೇಳ್ತೀನಿ. ಈ ಊರಲ್ಲಿ ಇಷ್ಟು ದೊಡ್ಡದಾಗಿ ಹಾಕಿದೀರಿ. ಬಿಟ್ರಾ ಯಾರಾದ್ರೂ?”

ಊರಿಗೆ ಊರೇ ನಿಂತಿತ್ತು. ಕೊನೆಗೆ ಎಮ್ಮೆಯ ಒಡತಿ ಸಣ್ಣ ದನಿಯಲ್ಲಿ ಹೇಳಿದಳು, “ನಮ್ಮೆಮ್ಮೆ ಹಾಲು ಕೊಡ್ತು.”

ಈ ಸಲ ಯಾರೂ ನಗಲಿಲ್ಲ. ನೀವೂ ನಗಲಿಲ್ಲ, ನೋಡಿದೆ.

ಸಾಹುಕಾರ ಜಗಲಿಯಿಂದ ಇಳಿದು ಬಂದ. “ಬಿಸಿಲಲ್ಲಿ ನಿಂತಿದೀರಿ ತಾಯಿ. ಒಳಗೆ ಬನ್ನಿ, ಕಾಫಿ ಕುಡೀರಿ.”

ಆ ದನಿ ಕೇಳಿದ ಕೂಡಲೇ ಅವಳು ಚಿತ್ರ ಬಿಟ್ಟು ಇವನ ಕಡೆ ತಿರುಗಿದಳು. “ಯಾವಾಗಿಂದ ಹಿಂಗೆ ನಿಮ್ಮ ದನಿ?”

“ದೀಪಾವಳಿಯಿಂದ. ನೋವೇನಿಲ್ಲ.”

“ನುಂಗುವಾಗ ಒಳಗೆ ಏನೋ ತಡೆದ ಹಾಗೆ ಆಗುತ್ತಾ?”

ಅವಳು ಇನ್ನೊಂದು ಮಾತು ಆಡಲಿಲ್ಲ. ಹೆದರಿಸಲಿಲ್ಲ, ಬೈಯಲಿಲ್ಲ. ಕೇಳಿದ್ದಕ್ಕೆ ಉತ್ತರ ಬರಲಿ ಅಂತ ಮುಖ ನೋಡುತ್ತ ನಿಂತಳು. ಸಾಹುಕಾರ ಹೆಂಡತಿಯ ಕಡೆ ನೋಡಿದ, ನೆಲ ನೋಡಿದ.

“ಹೂಂ,” ಅಂದ. “ತಿಂಗಳಾಯ್ತು. ಇವಳಿಗೂ ಹೇಳಿಲ್ಲ.”

“ಇವ್ರೂ ಹೇಳಿರ್ಲಿಲ್ಲ,” ಅಂದಳು. “ಬಳೆ ವ್ಯಾಪಾರದ ಕಾಲ, ಮದುವೆಗಳು ಮುಗೀಲಿ, ಆಮೇಲೆ ತೋರಿಸ್ತೀನಿ ಅಂದ್ರು. ಹೊರಡಿ. ಆ ಆಸ್ಪತ್ರೇಲಿ ಯಾವ ಬಾಗಿಲಲ್ಲಿ ಹೋಗ್ಬೇಕು ಅಂತ ನಂಗೊತ್ತು.”

ಕಾಫಿ ಕುಡಿಯಲಿಲ್ಲ. ಮುಂದಿನ ಬಸ್ಸಿಗೆ ಮೂವರೂ ಹತ್ತಿದರು. ಸಾಹುಕಾರನ ಹೆಂಡತಿ ಮನೆಗೆ ಬೀಗ ಹಾಕುವುದನ್ನೂ ಮರೆತಿದ್ದಳು.

ಡಾಕ್ಟರು ಏನಂದರು ಅಂತ ಕೇಳುತ್ತೀರಿ. ಗಡ್ಡೆ ಇತ್ತು. ಆದರೆ ಚಿಕ್ಕದು, ಬೇಗ ಬಂದಿರಿ ಅಂದರು. ಗಡ್ಡೆಯನ್ನು ಕರೆಂಟು ಕೊಟ್ಟು ಸುಟ್ಟರು, ಔಷಧ ಕೊಟ್ಟರು. ದನಿ ಮೊದಲಿನಂತಾಗಲಿಲ್ಲ, ಮನುಷ್ಯ ಉಳಿದ. ಸಿಗರೇಟು ಒಂದೇ ಏಟಿಗೆ ಬಿಟ್ಟುಹೋಯಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ಬಿಟ್ಟ, ಮತ್ತೆ ಹಚ್ಚಿದ, ಮತ್ತೆ ಬಿಟ್ಟ. ಕೈ ಜೇಬಿಗೆ ಹೋದಾಗಲೆಲ್ಲ ಹೆಂಡತಿ ಪಕ್ಕದಲ್ಲಿ ಬಂದು ಕುಳಿತು, “ಈಗ ಏನಾಗ್ತಿದೆ?” ಅಂತ ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ಹೇಳಿ ಮುಗಿಸುವಷ್ಟರಲ್ಲಿ ಆಸೆ ಅಷ್ಟಿಷ್ಟು ಇಳಿದಿರುತ್ತಿತ್ತು. ಊರಿನವರು ಮಾತ್ರ ಬಹಳ ನೊಂದುಕೊಂಡರು. “ಸಾಹುಕಾರ್ರು ಹಿಂಗೆ ಬಿಟ್ಬಿಟ್ರೆ ನಮ್ಮ ಪಂಪ್‌ಸೆಟ್ಟಿಗೆ ಯಾರು ದಿಕ್ಕು?” ಅಂದರು.

ಈಗ ನಿಮ್ಮ ಕಡೆ ತಿರುಗುತ್ತೇನೆ.

ಚಿತ್ರ ನೋಡಿದರೆ ಜನ ಬಿಡುತ್ತಾರೆಯೇ? ಇನ್ನೂ ಶುರು ಮಾಡದವನು ಹಿಂದೆ ಸರಿದಾನು. ಅದು ಸಣ್ಣ ಲಾಭವಲ್ಲ, ಹಾಗಾಗಿ ಚಿತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಸೇದುವವನ ಕೈಯೂ ನಡುಗುತ್ತದೆ. ಆದರೆ ಭಯಕ್ಕೆ ಆಯಸ್ಸು ಕಡಿಮೆ, ನಮ್ಮ ಅಭ್ಯಾಸಕ್ಕೆ ಜಾಸ್ತಿ. ಯಮನನ್ನೇ ತಂದು ಜಗಲಿಯಲ್ಲಿ ಕೂರಿಸಿದರೂ ನಾಲ್ಕು ದಿನ ಹೆದರುತ್ತೇವೆ, ಐದನೆಯ ದಿನ ಅವನ ಕೋಣಕ್ಕೆ ಹುಲ್ಲು ಹಾಕುತ್ತೇವೆ. ಕೈ ನಡುಗುವ ಆ ದಿನ ಪಕ್ಕದಲ್ಲಿ ಒಬ್ಬ ಮನುಷ್ಯ ಇರಬೇಕು. ಇರುತ್ತೇವೆಯೇ ನಾವು? ಇರುವುದಿಲ್ಲ. ಚಿತ್ರ ಇದೆಯಲ್ಲ, ಅದೇ ನೋಡಿಕೊಳ್ಳುತ್ತದೆ ಅಂತ ಬಿಟ್ಟುಬಿಡುತ್ತೇವೆ.

ಆದ್ದರಿಂದ ಸೇದುವ ಅಪ್ಪಂದಿರೇ, ಅಂಗಡಿಯಲ್ಲಿ ನಿಂತು ಬೇರೆ ಚಿತ್ರ ಇದೆಯಾ ಅಂತ ಕೇಳಬೇಡಿ. ಪ್ಯಾಕಿನ ಮೇಲಿರುವುದು ಗೊಂಬೆಯಲ್ಲ, ಒಬ್ಬ ತಾಯಿಯ ಮಗ. ವಾರಗಟ್ಟಲೆ ದನಿ ಒಡೆದಿದ್ದರೆ, ಬಾಯಲ್ಲಿ ಹುಣ್ಣು ಮಾಯದಿದ್ದರೆ, ಮಹಡಿಗೋ ಮದುವೆಗೋ ಕಾಯದೆ ನಾಳೆಯೇ ಆಸ್ಪತ್ರೆಗೆ ಹೋಗಿ. ಮದುವೆ ಮಾಡುವವರೇ, ಎಲೆಅಡಿಕೆ ತಟ್ಟೆಯಲ್ಲಿ ಸಿಗರೇಟು ಇಟ್ಟು ಬೀಗರಿಗೆ ಮರ್ಯಾದೆ ಮಾಡುವುದನ್ನು ಈ ವರ್ಷಕ್ಕೇ ನಿಲ್ಲಿಸಿ. ಬೀಗರು ಮುನಿಸಿಕೊಂಡರೆ ನನ್ನ ಹೆಸರು ಹೇಳಿ.

ಮತ್ತೆ ತಾಯಂದಿರೇ, ಅಕ್ಕಂದಿರೇ, ಸೇದುವವರ ಜೊತೆ ಬಾಳುವ ಎಲ್ಲರೇ. ನೀವು ಕೂಗಿದ್ದೀರಿ, ಅತ್ತಿದ್ದೀರಿ, ಪ್ಯಾಕು ಬಚ್ಚಿಟ್ಟಿದ್ದೀರಿ. ಗೊತ್ತು. ಇವತ್ತು ಮನೆಗೆ ಹೋದಮೇಲೆ ಅದ್ಯಾವುದನ್ನೂ ಮಾಡಬೇಡಿ. ಅವರ ಪಕ್ಕದಲ್ಲಿ ಕುಳಿತು, ಒಳಗೆ ಹೇಗಿದೆ ಅಂತ ಒಂದು ಮಾತು ಕೇಳಿ. ಕೇಳಿ ಎದ್ದುಬಿಡಬೇಡಿ. ಒಲೆಯ ಮೇಲಿನ ಸಾರು ಸೀದರೂ ಸೀಯಲಿ, ಉತ್ತರ ಬರುವ ತನಕ ಅಲ್ಲೇ ಕುಳಿತಿರಿ.