ಸುಮಿತ್ರಳ ಅಮ್ಮ ಎಂತ ಹೇಳಿದಳು

...ಅಲ್ಲ ನಿರ್ಮಲ, ಓದಬೇಡ ಅಂತ ನಾನೆಲ್ಲಿ ಹೇಳಿದೆ? ಓದು. ಆದರೆ ಓದುವ ಮೊದಲು ಅಮ್ಮನ ಅಭಿಪ್ರಾಯ ಕೇಳು ಅಂತ ಹೇಳಿದ್ದು. ಪ್ರತಿ ಶುಕ್ರವಾರ ನೀನು ವಾರಪತ್ರಿಕೆಯ ಧಾರಾವಾಹಿ ಓದ್ತೀ, ನಾನು ಕೇಳ್ತೇನೆ, ಮುಗಿದ ಕೂಡಲೇ ನೀನು ಎದ್ದು ಹೋಗ್ತೀ. ಇವತ್ತು ಮೊದಲು ನಾನು. ಕೂತ್ಕೊ. ಆ ಮೊರ ಸ್ವಲ್ಪ ಈಚೆ ದೂಡು. ರೇಷನ್ ಅಕ್ಕಿ ಅಂತ ಹೆಸರು, ಅರ್ಧ ಕಲ್ಲೇ...

ಎಂತ ನಗ್ತೀ? ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅಭಿಪ್ರಾಯ ಇರಬಾರದಾ? ಮದುವೆಗೆ ಮೊದಲು ಕಾಸರಗೋಡಿನಲ್ಲಿ ನಾನು ಓದಿದ ಕಾದಂಬರಿಗಳಿಗೆ ಲೆಕ್ಕ ಇಲ್ಲ. ಕನ್ನಡ ಶಾಲೆ ಅಲ್ವಾ ನಮ್ಮದು, ಮಲಯಾಳ ಕಿವಿಯಲ್ಲಿ ಮಾತ್ರ, ಓದುವುದೆಲ್ಲ ಕನ್ನಡ. ಆ ಕಾದಂಬರಿಗಳಲ್ಲಿ ಹುಡುಗಿ ಯಾವಾಗಲೂ ವೀಣೆ ಬಾರಿಸುವವಳು. ಹುಡುಗ ಡಾಕ್ಟರ. ಅವಳಿಗೆ ಒಂದು ಜ್ವರ ಬರ್ತದೆ. ಜ್ವರ ಬಂತು ಅಂದರೆ ಮದುವೆ ಆಯ್ತು ಅಂತಲೇ. ನನಗೂ ಟೈಫಾಯ್ಡ್ ಬಂದಿತ್ತು ಮಾರಾಯ್ತಿ. ನೋಡ್ಲಿಕ್ಕೆ ಬಂದದ್ದು ಪಂಡಿತರು, ಬಾಯಲ್ಲಿ ಹಲ್ಲಿಲ್ಲ, ಕಷಾಯ ಕೊಟ್ಟು ಹೋದರು.

ಮತ್ತೆ ಆ ಕಾದಂಬರಿಗಳಲ್ಲಿ ಯಾರೂ ಪಾತ್ರೆ ತೊಳೆಯುವುದಿಲ್ಲ. ನೀನು ನೋಡಿದ್ದೀಯಾ? ಊಟ ಮಾಡ್ತಾರೆ, ಕಣ್ಣೀರು ಹಾಕ್ತಾರೆ, ಮಹಡಿ ಹತ್ತಿ ಚಂದ್ರನನ್ನು ನೋಡ್ತಾರೆ. ಎಂಜಲು ತಟ್ಟೆ ಎಲ್ಲಿಗೆ ಹೋಯ್ತು ಅಂತ ನಾನು ಪ್ರತಿ ಸಲ ಯೋಚನೆ ಮಾಡ್ತಿದ್ದೆ.

ನಿನ್ನ ಇಂಗ್ಲಿಷ್ ಪುಸ್ತಕಗಳೇನೂ ಕಡಿಮೆ ಅಲ್ಲ. ತಿರುವನಂತಪುರದ ಪಟ್ಟಂನಲ್ಲಿ ಇರುವಾಗ, ಶಾಲೆಗೆ ಹೋಗುವ ಕಾಲದಲ್ಲಿ, ರಾಶಿ ರಾಶಿ ತರ್ತಿದ್ದೆಯಲ್ಲ... ಹಾಸ್ಟೆಲ್ಲಿನ ಹುಡುಗಿಯರು ಕದ್ದು ಕೇಕು ತಿಂದು, ಆಮೇಲೆ ಕಳ್ಳನನ್ನು ಹಿಡಿಯುವುದು. ಒಬ್ಬಳಿಗೂ ಹೊಟ್ಟೆ ಕೆಡುವುದಿಲ್ಲ. ಒಬ್ಬಳ ತಾಯಿಯೂ ಬಂದು ಬೈಯುವುದಿಲ್ಲ. ತಾಯಂದಿರನ್ನು ಮೊದಲನೇ ಪುಟದಲ್ಲಿಯೇ ರೈಲು ಸ್ಟೇಷನಿನಲ್ಲಿ ಬಿಟ್ಟು ಬರ್ತಾರೆ. ಕಥೆಗೆ ತಾಯಿ ಅಡ್ಡ, ಅಲ್ವಾ?

ಇಲ್ಲ, ನಿನಗೆ ಹೇಳಿದ್ದಲ್ಲ. ಪುಸ್ತಕದ ಮಾತು.

ಇನ್ನು ಈ ಮಲಯಾಳ ವಾರಪತ್ರಿಕೆ. ಇದರ ರುಚಿ ಹತ್ತಿಸಿದ್ದು ನೀನೇ. ಸಂತೆಯ ಮಲಯಾಳ ನನಗೆ ಬರ್ತದೆ, ಬೆಂಡೆಕಾಯಿಗೆ ಚೌಕಾಸಿ ಮಾಡ್ತೇನೆ, ಆದರೆ ಪುಸ್ತಕದ ಮಲಯಾಳ ಬೇರೆ. ನೀನು ಅದನ್ನು ಕನ್ನಡ ಮಾಡಿ ಮಾಡಿ ಓದಿ ಹೇಳಿದ್ದಕ್ಕೆ ಇಷ್ಟೆಲ್ಲ ಆದದ್ದು. ಮೊದಮೊದಲು ಚಂದವೇ ಇತ್ತು. ರಬ್ಬರ್ ಎಸ್ಟೇಟು, ದೊಡ್ಡ ಬಂಗಲೆ, ಬಡ ಮೇಷ್ಟ್ರ ಮಗಳು ಸುಮಿತ್ರ, ಎಸ್ಟೇಟಿನ ಧಣಿಯ ಮಗ ಜಯದೇವನ್. ಅವನಿಗೆ ಹಸಿರು ಬಣ್ಣದ ಕಾರು. ಸುಮಿತ್ರ ಎಲ್ಲಿ ನಿಂತರೂ ಆ ಕಾರು ಬಂದು ಅವಳ ಸೀರೆಗೆ ಕೆಸರು ಹಾರಿಸ್ತದೆ. ನಂಬ್ಲಿಕ್ಕೆ ಆಗುವಂಥದ್ದಲ್ಲ, ಆದರೂ ಕೇಳಿದೆ. ಶುಕ್ರವಾರ ಯಾವಾಗ ಬರ್ತದೆ ಅಂತ ಕಾಯ್ತಿದ್ದೆ.

ನನ್ನ ತಕರಾರು ಅದರ ಆಮೇಲಿನದ್ದು.

ಓಣಂ ರಜೆ ಕಳೆದ ಮೇಲೆ ಆ ಕಾರು ಎಲ್ಲಿಗೆ ಹೋಯ್ತು? ಜಯದೇವನ್ ಎಲ್ಲಿಗೆ ಹೋದ? ಬಂಗಲೆ ಕೂಡ ಇಲ್ಲ. ಎಲ್ಲರೂ ಬಸ್ಸಿನಲ್ಲಿ ಓಡಾಡ್ತಾರೆ. ರಬ್ಬರ್ ಹಾಲು ಇಳಿಸ್ತಿದ್ದ ಊರಿನಲ್ಲಿ ಸುಮಿತ್ರ ಟೈಪ್‌ರೈಟಿಂಗ್ ಕಲೀಲಿಕ್ಕೆ ಹೋಗ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಪ್ರಭಾಕರನ್ ಬಂದು ಛತ್ರಿ ಹಿಡೀತಾನೆ. ಯಾರಿವನು? ಟೆಲಿಫೋನ್ ಆಫೀಸಿನಲ್ಲಿ ಟ್ರಂಕ್ ಕಾಲ್ ಕೌಂಟರಿನಲ್ಲಿ ಕೂರುವವನು. ಧಾರಾವಾಹಿಯ ಮಧ್ಯದಲ್ಲಿ ಕ್ಲಾರ್ಕನನ್ನು ತಂದು ಹೀರೋ ಮಾಡುವ ಬರಹಗಾರನನ್ನು ನಾನು ಈವರೆಗೆ ಕಂಡಿಲ್ಲ.

ಬಾಯಾರಿಕೆಯಾ? ಹೂಜಿಯಲ್ಲಿ ನೀರುಂಟು. ಕುಡಿದು ಬಂದು ಕೂತ್ಕೊ, ನನ್ನದು ಮುಗೀಲಿಲ್ಲ.

ಆ ಪ್ರಭಾಕರನ್ ಆರಡಿ ಎತ್ತರ. ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ತಂಗಿಗೆ ಮದುವೆ ಮಾಡಿದ್ದಾನೆ. ಆಯ್ತು, ಇರ್ಲಿ. ಅವನಿಗೆ ಉಪ್ಪಿಟ್ಟು ಅಂದರೆ ಪ್ರಾಣ ಅಂತ ಓದಿದೆ ನೀನು. ಈ ಕೊಚ್ಚಿಯ ಕಲೂರಿನಲ್ಲಿ ಪುಟ್ಟು, ಕಡಲೆ ಬಿಟ್ಟು ಉಪ್ಪಿಟ್ಟಿಗೆ ಪ್ರಾಣ ಬಿಡುವ ಒಬ್ಬ ಗಂಡಸನ್ನು ತೋರಿಸು ನನಗೆ. ಅದು ಹೋಗ್ಲಿ. ಸುಮಿತ್ರಳಿಗಾಗಿ ಮೀನು ಬಿಟ್ಟನಂತೆ. ಅಲ್ಲಿಗೆ ನನಗೆ ಸಾಕಾಯ್ತು. ಕೊಚ್ಚಿಯಲ್ಲಿ ಹುಟ್ಟಿದ ಯಾವ ಬರಹಗಾರನೂ ಹಾಗೆ ಬರೆಯುವುದಿಲ್ಲ. ಅವನ ಕೈಯೇ ಏಳುವುದಿಲ್ಲ.

ಇನ್ನೊಂದು. ಮೊದಲು ನೀನು ಓದುವಾಗ ತಡವರಿಸ್ತಿದ್ದೆ. "ಅಮ್ಮಾ, ಇದಕ್ಕೆ ಕನ್ನಡದಲ್ಲಿ ಎಂತ ಹೇಳುವುದು? ಅಮ್ಮಾ, ಆ ಶಬ್ದ ಎಂತ?" ಅಂತ ಸಾಲಿಗೊಂದು ಸಲ ನಿಲ್ಲಿಸ್ತಿದ್ದೆ. ತಿರುವನಂತಪುರದಲ್ಲಿ ಬೆಳೆದ ಹುಡುಗಿ, ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವವಳು... ಆ ಪ್ರಭಾಕರನ್ ಬಂದ ಮೇಲೆ ನೋಡು, ಒಂದು ಶಬ್ದಕ್ಕೂ ನಿಲ್ಲಲಿಲ್ಲ. ನೀರು ಹರಿದ ಹಾಗೆ ಕನ್ನಡ. ನಿನ್ನ ಅಪ್ಪ ಹೈಕೋರ್ಟಿನಲ್ಲಿ ಕಾಸರಗೋಡಿನ ದಸ್ತಾವೇಜುಗಳನ್ನು ಇಂಗ್ಲಿಷ್ ಮಾಡಿ ಕೊಡ್ತಾರೆ. ಇಷ್ಟು ವರ್ಷ ಮಾಡಿದರೂ ಶಬ್ದಕೋಶ ತೆಗೆಯದೆ ಒಂದು ಪುಟ ದಾಟುವುದಿಲ್ಲ. ಒಂದು ಮಾತು ಹೆಚ್ಚಾದರೆ ಯಾರದ್ದೋ ಗದ್ದೆ ಯಾರಿಗೋ ಹೋಗ್ತದೆ ಅಂತ ಅವರಿಗೆ ಹೆದರಿಕೆ. ನಿನ್ನಲ್ಲಿ ಆ ಹೆದರಿಕೆ ಕಾಣಲೇ ಇಲ್ಲ.

ಯಾಕೆ ಬೆವರ್ತೀ? ಫ್ಯಾನು ಹಾಕ್ಬೇಡ, ಹೊಟ್ಟು ಹಾರ್ತದೆ.

ಆದಿತ್ಯವಾರದ ವಿಷಯವಾ? ಅದು ಯಾಕೆ ಈಗ? ಕಾಸರಗೋಡಿನಿಂದ ವಕೀಲ ಶಂಕರನಾರಾಯಣರ ಮಗ ಉಪೇಂದ್ರ ನಿನ್ನನ್ನು ನೋಡ್ಲಿಕ್ಕೆ ಬರುವುದು ಅಂತ ಅಪ್ಪ ನಿಶ್ಚಯ ಮಾಡಿದ್ದು ನಿಜ. ನಾನು ರವೆ ತಂದದ್ದೂ ನಿಜ. ಹುಡುಗ ಒಳ್ಳೆಯವನಂತೆ, ಮನೆತನ ಒಳ್ಳೆಯದಂತೆ. ನೀನು ಬೇಕು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಅಪ್ಪ ಅದನ್ನು ಒಪ್ಪಿಗೆ ಅಂತ ಅನುವಾದ ಮಾಡಿಕೊಂಡರು. ಈಗ ಕಥೆಯ ಮಾತು ಆಡುವ.

ಹೋದ ಶುಕ್ರವಾರ ನೀನು ಎಲ್ಲಿಗೆ ನಿಲ್ಲಿಸಿದ್ದು, ನೆನಪುಂಟಾ? ಸುಮಿತ್ರ ಅಡಿಗೆ ಕೋಣೆಗೆ ಬಂದು, "ಅಮ್ಮಾ, ನಾನು ಮದುವೆ ಆಗುವುದಾದರೆ ಪ್ರಭಾಕರನನ್ನೇ" ಅಂತ ಹೇಳ್ತಾಳೆ. ತಾಯಿ ಕೈಯಲ್ಲಿ ಸೌಟು. ಅಲ್ಲಿಗೆ ನಿಲ್ತು. "ಉಳಿದದ್ದು ಮುಂದಿನ ವಾರ" ಅಂತ ಹೇಳಿ ಪತ್ರಿಕೆ ಮಡಚಿದೆ. ಏಳು ದಿನ ಆ ಹೆಂಗಸು ಸೌಟು ಹಿಡ್ಕೊಂಡು ನಿಂತಿದ್ದಾಳೆ, ನಿರ್ಮಲ. ಅವಳ ಕೈ ನೋಯುವುದಿಲ್ವಾ?

ಈ ಬರೆಯುವವರ ಮೇಲೆ ನನಗಿರುವ ನಿಜವಾದ ಸಿಟ್ಟು ಅದೇ. ಅವರು ಯಾರೂ ತಾಯಿಯನ್ನು ಸರಿಯಾಗಿ ನೋಡಿದವರಲ್ಲ. ಒಂದೋ ಅವಳು ಎದೆ ಹಿಡ್ಕೊಂಡು ಬೀಳ್ತಾಳೆ, ಇಲ್ಲದಿದ್ದರೆ "ನನ್ನ ಹೆಣದ ಮೇಲೆ ಆ ಮದುವೆ" ಅಂತ ಒಂದು ಸಾಲು ಹೇಳಿ ಒಳಗೆ ಹೋಗ್ತಾಳೆ. ಒಂದೇ ಸಾಲಿನಲ್ಲಿ ಬೇಡ ಅಂತ ಹೇಳ್ಲಿಕ್ಕೆ ಯಾವ ತಾಯಿಗೆ ಆಗ್ತದೆ? ಅವಳಿಗೆ ಮೊದಲು ಭಯ ಆಗ್ತದೆ. ಗಂಡನ ನೆನಪಾಗ್ತದೆ, ಊರಿನವರ ನೆನಪಾಗ್ತದೆ, ಮೀನಿನ ವಾಸನೆಯ ನೆನಪಾಗ್ತದೆ. ಆಮೇಲೆ ಮಗಳು ಬೆಳಿಗ್ಗೆ ಊಟ ಬಿಟ್ಟು ಹೋದದ್ದು ನೆನಪಾಗ್ತದೆ. ಇದನ್ನೆಲ್ಲ ಒಬ್ಬನಾದರೂ ಬರೆದಿದ್ದಾನಾ?

ಸರಿ. ನನ್ನ ಅಭಿಪ್ರಾಯ ಮುಗೀತು. ಇಕೋ, ಈ ವಾರದ್ದು ಬಂದಿದೆ. ಓದು.

...

ಓದು ಮಾರಾಯ್ತಿ. ಎಷ್ಟು ಪುಟ ತಿರುವುತ್ತೀ?

ಎಂತ, ಸಿಗ್ಲಿಲ್ವಾ? ಎಲ್ಲಿ ಸಿಗ್ತದೆ? ಮುಗೀತು ಅಂತ ಹೋದ ವಾರವೇ ಹಾಕಿದ್ದರಲ್ಲ, ಕೊನೆಯ ಸಾಲಿನ ಅಡಿಯಲ್ಲಿ, ದಪ್ಪ ಅಕ್ಷರದಲ್ಲಿ...

...

ಯಾಕೆ ಹಾಗೆ ನೋಡ್ತೀ?

ಏನಾದರೂ ಹೇಳು ನಿರ್ಮಲ. ಯಾರು ಹೇಳಿದರು ಅಂತ ಕೇಳು. ಪಕ್ಕದ ಮನೆಯ ಸರೋಜಿನಿಯಮ್ಮ ಹೇಳಿದರಾ ಅಂತ ಕೇಳು, ನಾನು ಹೌದು ಅಂತೇನೆ. ನೀನು ಕೇಳ್ತಾನೇ ಇಲ್ಲ. ಹೀಗೆ ಸುಮ್ಮನೆ ಕೂತರೆ ನಾನು ಎಂತ ಸುಳ್ಳು ಹೇಳ್ಲಿ?

ಹೌದು. ನನಗೆ ಮಲಯಾಳ ಓದ್ಲಿಕ್ಕೆ ಬರ್ತದೆ.

ಪಟ್ಟಂನಲ್ಲಿರುವಾಗಲೇ ಬಸ್ಸಿನ ಬೋರ್ಡು ನೋಡಿ ನೋಡಿ ಅರ್ಧ ಅಕ್ಷರ ಕಲಿತೆ. ಯಾವ ಬಸ್ಸು ಎಲ್ಲಿಗೆ ಹೋಗ್ತದೆ ಅಂತ ಎಷ್ಟು ಸಲ ಜನರನ್ನು ಕೇಳುವುದು? ಉಳಿದ ಅರ್ಧ ಇಲ್ಲಿಗೆ ಬಂದ ಮೇಲೆ. ಸುಮಿತ್ರಳ ಕಥೆ ಶುಕ್ರವಾರ ಶುಕ್ರವಾರ ನಿಲ್ತದಲ್ಲ, ನನಗೆ ತಡೀಲಿಕ್ಕೆ ಆಗ್ಲಿಲ್ಲ. ಮರುದಿನ ನೀನು ಟೈಪಿಂಗ್ ಕ್ಲಾಸಿಗೆ ಹೋದ ಮೇಲೆ ನೀನು ಓದಿ ಹೇಳಿದ ಪುಟವನ್ನೇ ತೆಗೆದು, ನಿನ್ನ ಮಾತು ನೆನಪು ಮಾಡಿಕೊಂಡು, ಬೆರಳಿಟ್ಟು ಓದಿದೆ. ಹಾಗೆ ಕಲಿತದ್ದು. ನೀನೇ ಕಲಿಸಿದ ಹಾಗೆ ಆಯ್ತು.

ಹೇಳ್ಲಿಲ್ಲ ಯಾಕೆ ಅಂದರೆ... ಹೇಳಿದರೆ ನೀನು ಇಲ್ಲಿ ಕೂರ್ತಿದ್ದೆಯಾ? ವಾರವಿಡೀ ನೀನು ಹೊರಗೆ, ಮನೆಗೆ ಬಂದರೆ ರೇಡಿಯೋ. ಈ ಶುಕ್ರವಾರ ಸಂಜೆ ಒಂದೇ ನೀನು ನನ್ನ ಹತ್ತಿರ ಕೂರುವುದು. ಅಮ್ಮನಿಗೆ ಓದ್ಲಿಕ್ಕೆ ಬರ್ತದೆ ಅಂತ ಗೊತ್ತಾದರೆ ಅದೂ ಹೋಗ್ತದೆ ಅಂತ ಸುಮ್ಮನಿದ್ದೆ.

ಹಾಗೆ ಕಲಿತದ್ದರಿಂದಲೇ ಗೊತ್ತಾದದ್ದು. ಒಂದು ಶುಕ್ರವಾರ ನಿನ್ನ ಮಾತಿಗೂ ಪುಟಕ್ಕೂ ತಾಳೆ ಬೀಳಲಿಲ್ಲ. ನೀನು ಬಸ್ ಸ್ಟ್ಯಾಂಡು ಓದಿದ್ದೆ, ಪುಟದಲ್ಲಿ ಹಸಿರು ಕಾರೇ ಇತ್ತು. ನಾನು ನನ್ನ ಓದೇ ತಪ್ಪು ಅಂತ ತಿಳಿದು ಮತ್ತೆ ಮತ್ತೆ ಓದಿದೆ.

ಅಳಬೇಡ. ಪೂರ್ತಿ ಕೇಳು. ಪತ್ರಿಕೆಯ ಸುಮಿತ್ರ ಧಾರಾವಾಹಿ ಮುಗಿಯುವ ಎಷ್ಟೋ ವಾರ ಮೊದಲೇ ಸತ್ತುಹೋದಳು. ಜಯದೇವನಿಗೆ ಕೊಡುವುದಿಲ್ಲ ಅಂತ ತಾಯಿ ಹೇಳಿದ್ದಕ್ಕೆ ಕಾಯಲಿನ ಹಿನ್ನೀರಿಗೆ ಹಾರಿದಳು. ನೀನು ಆ ಪುಟವನ್ನೇ ಕೈಯಲ್ಲಿ ಹಿಡ್ಕೊಂಡು, ಸುಮಿತ್ರ ಬೆಳಿಗ್ಗೆ ಎದ್ದು ದೋಸೆ ತಿಂದು ಬಸ್ಸು ಹತ್ತಿದಳು ಅಂತ ನನಗೆ ಓದಿ ಹೇಳಿದೆ. ಮರುದಿನ ನಾನು ಅದನ್ನು ಓದಿದೆ. ಆ ಸಾವನ್ನು ನನ್ನ ಮಗಳು ಅಮ್ಮನಿಗೆ ಬೇಜಾರಾಗ್ತದೆ ಅಂತ ಬಿಟ್ಟಳಾ, ಅಥವಾ ಅದು ಅವಳ ಮನಸ್ಸಿಗೆ ಹತ್ತಿರ ಬಂತು ಅಂತ ಬಿಟ್ಟಳಾ? ಯಾರನ್ನು ಕೇಳುವುದು? ಅವತ್ತಿನಿಂದ ನೀನು ಬರುವುದು ಸ್ವಲ್ಪ ತಡವಾದರೂ ಸರೋಜಿನಿಯಮ್ಮನ ಮನೆಗೆ ಹೋಗುವ ನೆಪದಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬಂದು ನೋಡಿ ಹೋಗ್ತಿದ್ದೆ.

ಹೌದಾ? ನಿಜ ಹೇಳ್ತೀಯಾ? ನನಗೆ ಬೇಜಾರಾಗ್ತದೆ ಅಂತ ಮಾತ್ರವಾ?

ನನ್ನ ತಲೆ ಮುಟ್ಟಿ ಹೇಳು.

...ಆಯ್ತು. ಕಣ್ಣು ಒರೆಸ್ಕೊ.

ತಾ ಪತ್ರಿಕೆ ಇಲ್ಲಿ. ನೀನು ಮೊರ ತೆಕ್ಕೊ. ಇವತ್ತು ನಾನು ಓದ್ತೇನೆ, ನೀನು ಕಲ್ಲು ಹೆಕ್ಕು. ಎಲ್ಲಿಗೆ ನಿಂತದ್ದು? ಸೌಟು. ಹ್ಞಾಂ. ಓದ್ತೇನೆ, ಕೇಳು.

"ಸುಮಿತ್ರಳ ತಾಯಿ ಮಂಗಳವಾರ ಗಂಡ ಕೋರ್ಟಿಗೆ ಹೋದ ಮೇಲೆ ಒಳ್ಳೆಯ ಸೀರೆ ಉಟ್ಟು ಟೆಲಿಫೋನ್ ಆಫೀಸಿಗೆ ಹೋದಳು. ಕಾಸರಗೋಡಿಗೆ ಒಂದು ಟ್ರಂಕ್ ಕಾಲ್ ಬುಕ್ ಮಾಡಬೇಕು ಅಂದಳು. ಕೌಂಟರಿನಲ್ಲಿದ್ದ ಹುಡುಗ ಹೆಸರು ಕೇಳಿದ. ಗಂಡನ ಹೆಸರು ಯಜ್ಞನಾರಾಯಣ, ಊರು ಕಲೂರು ಅಂತ ಹೇಳಿದ್ದೇ ತಡ, ಅವನ ಪೆನ್ನು ನಿಂತಿತು. ಎದ್ದು ತನ್ನ ಕುರ್ಚಿಯನ್ನೇ ತಂದು ಹಾಕಿದ. ಹಿಂದಿನಿಂದ ಯಾರೋ ಪ್ರಭಾಕರಾ ಅಂತ ಕರೆದರು." ಕಥೆ ಕಟ್ಟುವವರು ಹೆಸರನ್ನಾದರೂ ಬದಲಿಸಬೇಕು, ಮಗಳೇ.

ಕಲ್ಲು ಹೆಕ್ಕು, ಕಲ್ಲು ಹೆಕ್ಕು. ಇನ್ನೂ ಉಂಟು.

"ಲೈನು ಸಿಕ್ಕಿದ ಮೇಲೆ ತಾಯಿ, ಆದಿತ್ಯವಾರ ಬರುವುದು ಬೇಡ, ನಮ್ಮ ಹುಡುಗಿಗೆ ಮನಸ್ಸಿಲ್ಲ, ತಪ್ಪು ನಮ್ಮದು ಅಂತ ವಕೀಲರಿಗೆ ಕೂಗಿ ಹೇಳಿದಳು. ಟ್ರಂಕ್ ಕಾಲಿನಲ್ಲಿ ಕೂಗದೆ ಕೇಳುವುದಿಲ್ಲ. ಕೌಂಟರಿನ ಹುಡುಗ ಬಾಯಿ ಬಿಟ್ಟು ನೋಡ್ತಿದ್ದ. ಅವನಿಗೆ ಕನ್ನಡ ಬರುವುದಿಲ್ಲ. ಅವನು ಆರಡಿ ಇಲ್ಲ. ಸುಮಿತ್ರ ಹೇಳಿದ್ದಕ್ಕಿಂತ ಬಹಳ ಕಡಿಮೆ. ಛತ್ರಿ ಮಾತ್ರ ಗೋಡೆಯಲ್ಲಿ ತೂಗ್ತಿತ್ತು."

ಗಂಡನಿಗೆ ಹೇಳುವ ಭಾಗ ಇನ್ನೂ ಬರ್ಲಿಲ್ಲ. ಇವತ್ತು ಊಟ ಆದ ಮೇಲೆ ಬರ್ತದೆ. ಅದು ತಾಯಿಯ ಪಾಲಿನದ್ದು, ನೀನು ಮಧ್ಯೆ ಬಾಯಿ ಹಾಕ್ಬೇಡ. ಕೊನೆಯ ಸಾಲು ಓದ್ತೇನೆ.

"ತಾಯಿ ಸೌಟು ಕೆಳಗೆ ಇಟ್ಟಳು. ಹೇಗೂ ರವೆ ತಂದಾಗಿದೆ, ಆದಿತ್ಯವಾರ ಆ ಪ್ರಭಾಕರನಿಗೆ ಬರ್ಲಿಕ್ಕೆ ಹೇಳು, ಉಪ್ಪಿಟ್ಟು ತಿಂತಾನಾ ನೋಡುವ ಅಂತ ಹೇಳಿದಳು."

ಎಂತ? ಇಲ್ಲ, ಈ ಪುಟದಲ್ಲಿರುವುದು ತಲೆಎಣ್ಣೆಯ ಜಾಹೀರಾತು ಅಲ್ಲ. ಹೀಗೇ ಅಚ್ಚಾಗಿದೆ. ನಂಬಿಕೆ ಇಲ್ಲದಿದ್ದರೆ ನೀನೇ ನೋಡು, ನಿನಗೆ ಓದ್ಲಿಕ್ಕೆ ಬರ್ತದಲ್ಲ.