ಅರಳಿಕಟ್ಟೇಲಿ ಇಟ್ಟ ಹಾರ್ಡ್ ಡಿಸ್ಕ್ ಕಾಣೆಯಾದ ಬಗ್ಗೆ

...ತಪ್ಪು ತಿಳ್ಕೋಬೇಡಿ ಮಾದೇಶ್ ಸಾರ್, ಮತ್ತೆ ಮೊದ್ಲಿಂದ ಹೇಳ್ತೀನಿ. ಮುಂಚೆ ಕಳಿಸಿದ ಎರಡು ವಾಯ್ಸೂ ಬುಟ್ಟಾಕಿ, ಅದ್ರಲ್ಲಿ ಮಧ್ಯಕ್ಕೇ ಮಾತು ನಿಂತೋಯ್ತು. ನಂಗೆ ತಮಿಳು ಮಾತಾಡಕ್ಕೆ ಬತ್ತದೆ, ಬರಿಯಕ್ಕೆ ಬರಲ್ಲ. ಕನ್ನಡದಲ್ಲೇ ಹೇಳಿ ಕಳ್ಸು, ಪೊಲೀಸ್ ಸ್ಟೇಷನ್ನಲ್ಲಿ ನಾನು ತಮಿಳಲ್ಲಿ ಬರ್ಕೋತೀನಿ ಅಂದ್ರಲ್ಲ, ಅದಕ್ಕೇ ಈ ವಾಯ್ಸು.

ಹೆಸರು ಮುನಿಕೃಷ್ಣಪ್ಪ, ತಂದೆ ತಿಮ್ಮರಾಯಪ್ಪ, ವಯಸ್ಸು ಐವತ್ತು, ಹೊಸೂರಲ್ಲಿ ಫ್ಯಾಕ್ಟರಿ ಪ್ಯಾಕಿಂಗ್ ಸೆಕ್ಷನ್ ಕೆಲ್ಸ, ವಾಸ ಜೂಜುವಾಡಿ, ಅರಳಿಕಟ್ಟೆ ಹಿಂದಿನ ಬೀದಿ. ಈ ಮೂಲಕ ತಿಳಿಸೋದು ಏನಂದ್ರೆ,

ನನ್ನ ಹೆಂಡ್ತಿ ಗಂಗಾದೇವಿಗೆ ಹೋದ ವರ್ಷ ಗಂಟಲಲ್ಲಿ ಗಡ್ಡೆ ಆಯ್ತು. ಆಪರೇಷನ್ ಆದ್ಮೇಲೆ ಮಾತು ಬರಲ್ಲ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು. ಅದಕ್ಕೇ ಆಪರೇಷನ್‌ಗೆ ಹಿಂದಿನ ಭಾನುವಾರ ಮನೆ ಕಂಪ್ಯೂಟರ್‌ಗೆ ಮೈಕ್ ಹಾಕಿ ಅವಳ ಮಾತು ರೆಕಾರ್ಡ್ ಮಾಡಿದ್ವಿ. ಏನು ಹೇಳ್ಲಿ ಅಂದ್ಳು. ಏನಾರ ಬೈಯೇ ಅಂದೆ. ಹಾಲಿನವನ್ನ ಬೈದ್ಳು, ನಮ್ಮಕ್ಕ ರಾಮಕ್ಕನ್ನ ಬೈದ್ಳು. ಕೊನೆಗೆ "ಮುನಿಕೃಷ್ಣಪ್ಪೋ, ಸಾಕೇನ್ಲಾ?" ಅಂತ ಕೂಗಿ, ಸೆರಗು ಬಾಯಿಗಿಟ್ಕೊಂಡು ನಕ್ಳು. ಮದ್ವೆ ಆದಾಗಿಂದ ನನ್ನ ಹೆಸರು ಹೇಳಿದ್ದು ಅದೊಂದೇ ಸಲ. ಇದನ್ನ ಬರೀಬೇಕೋ ಬೇಡ್ವೋ, ನಿಮಗೆ ಬುಟ್ಟಿದ್ದು.

ಕಂಪ್ಯೂಟರ್ ಹಳೇದು, ಆನ್ ಆಗೋಷ್ಟರಲ್ಲಿ ಒಲೆ ಮೇಲೆ ಅನ್ನ ಬೆಂದೋಗೋದು. ಅವಳ ಎದುರಿಗೆ ಆ ರೆಕಾರ್ಡಿಂಗ್ ಹಾಕಕ್ಕೆ ನಂಗಾಗಲ್ಲ ಸಾರ್. ಅವಳು ಅಂಗಡಿಗೆ ಹೋದಾಗ ಆನ್ ಮಾಡ್ತಿದ್ದೆ, ಅದು ಏಳೋದ್ರೊಳಗೆ ಅವಳು ವಾಪಸ್ ಬಂದ್ಬುಡೋಳು. ಹಳೇ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಅನ್ನೋ ಹೊಸಾ ಡಿಸ್ಕ್ ಹಾಕ್ಸು, ಲೈಟ್ ಹತ್ತಿದಂಗೆ ಆನ್ ಆಗ್ತದೆ ಅಂದ ಕಂಪ್ಯೂಟರ್ ಅಂಗಡಿ ಮುನೀಶ್. ಅಕ್ಟೋಬರ್ ಹತ್ತು, ಶುಕ್ರವಾರ ಹಾಕಿಸ್ದೆ. ಹಳೇ ಹಾರ್ಡ್ ಡಿಸ್ಕು ಕೈಗೆ ಕೊಟ್ಟು, ಎಲ್ಲ ಬಂದೈತಾ ನೋಡ್ಕೊಂಡು ಆಮೇಲೆ ಇದನ್ನ ಬುಡಣ್ಣ ಅಂತಾನೂ ಅಂದ. ಅವನ ತಪ್ಪಿಲ್ಲ. ಮನೇಲಿ ನೋಡಿದ್ರೆ 'ಗಂಗಾ' ಅನ್ನೋ ಫೋಲ್ಡರ್ ಮೊದ್ಲಿನ ಜಾಗದಲ್ಲೇ ಇತ್ತು. ಅವಳು ಪಕ್ಕದಲ್ಲೇ ನಿಂತಿದ್ಳು. ಅದಕ್ಕೆ ನಾನು ತೆಗೀಲಿಲ್ಲ.

ಹಳೇ ಡಿಸ್ಕನ್ನ ಗುಜರಿಗೆ ಹಾಕಕ್ಕೆ ಮನಸ್ಸು ಬರ್ಲಿಲ್ಲ. ಅವಳ ಮಾತಿದ್ದ ಸಾಮಾನು. ಗಾಜು ಒಡೆದ ದೇವ್ರ ಫೋಟೋ ಏನ್ಮಾಡ್ತೀವಿ, ಅರಳಿಮರದ ಬುಡಕ್ಕೆ ಬುಡ್ತೀವಿ. ಹಂಗೇ ಅರಿಶಿಣ ಕುಂಕುಮ ಇಟ್ಟು, ಹೊಸಾ ಬ್ಲೌಸ್ ಪೀಸಲ್ಲಿ ಸುತ್ತಿ, ಶನಿವಾರ ಬೆಳಿಗ್ಗೆ ಆರೂವರೆಗೆ, ಮನೆಯಿಂದ ನೂರು ಮೀಟರ್ ದೂರದ ಕಟ್ಟೆ ಮೇಲೆ ಇಟ್ಟು ಕೈ ಮುಗಿದೆ. ಅಲ್ಲಿ ಹೂವು ಮಾರೋ ಮುನಿರತ್ನಮ್ಮ, ಇದ್ಯಾವ ದೇವ್ರಣ್ಣ ಅಂತ ನಕ್ಕಂಡು ಕೇಳಿದ್ಳು. ನಮ್ಮನೆ ದೇವ್ರು ಕಣಮ್ಮ ಅಂದೆ.

ಸೋಮವಾರ ಸಾಯಂಕಾಲ ಗಂಗಾದೇವಿ ಅಂಗಡಿಗೆ ಹೋದ್ಮೇಲೆ ಫೋಲ್ಡರ್ ಒತ್ತಿದೆ. ಓಪನ್ ಆಗ್ಲಿಲ್ಲ. ಮುನೀಶ್‌ಗೆ ಫೋನ್ ಮಾಡ್ದೆ. ಅದು ಬರೀ ದಾರಿ ತೋರ್ಸೋ ಗುರುತು, ಒಳಗಿರೋದೆಲ್ಲ ಹಳೇ ಡಿಸ್ಕಲ್ಲೇ ಐತೆ, ತಗೊಂಡ್ ಬಾ, ಐದು ನಿಮಿಷದ ಕೆಲ್ಸ ಅಂದ. ಚಪ್ಪಲೀನೂ ಹಾಕ್ದಂಗೆ ಓಡ್ದೆ. ದೇವ್ರ ಫೋಟೋ ಎಲ್ಲ ಇದ್ವು. ಬ್ಲೌಸ್ ಪೀಸು ಮಡಿಸಿ ಇಟ್ಟಿತ್ತು. ಡಿಸ್ಕ್ ಇಲ್ಲ. ಭಾನುವಾರ ಮಧ್ಯಾಹ್ನ, ಮೊಪೆಡ್ಡಲ್ಲಿ ಹಳೇ ಕಬ್ಬಿಣ ಆಯೋನೊಬ್ಬ ಎತ್ಕೊಂಡು ಅತ್ತಿಬೆಲೆ ಕಡೆ ಹೋದ, ಫೋಟೋ ಒಂದೂ ಮುಟ್ಲಿಲ್ಲ, ಬಟ್ಟೆ ಕಣ್ಣಿಗೊತ್ಕೊಂಡು ಮಡಿಸಿಟ್ಟ ಅಂತ ಮುನಿರತ್ನಮ್ಮ ಹೇಳಿದ್ಳು.

ನೀನೇ ಬುಟ್ಟು ಬಂದಿದ್ದನ್ನ ಕಳ್ಳತನ ಅಂತ ಹೆಂಗಯ್ಯಾ ಬರೀಲಿ ಅಂದ್ರಿ. ಬರೀಬೇಡಿ. ಅವನ ಮೇಲೆ ಕೇಸೂ ಬೇಡ. ಎದುರುಗಡೆ ಟೀ ಅಂಗಡಿ ಕ್ಯಾಮೆರಾದಲ್ಲಿ ಮೊಪೆಡ್ ನಂಬರ್ ನೋಡಿ ಅವನ್ನ ಹುಡುಕಿ ಕೊಡಿ, ಯಾರಾದ್ರೂ ಅದನ್ನ ಸುತ್ತಿಗೇಲಿ ಒಡಿಯಕ್ಕೆ ಮುಂಚೆ. ವಸ್ತುವಿನ ಬೆಲೆ ಏನು ಅಂದ್ರಿ, ಆ ಜಾಗ ಖಾಲಿ ಬುಡಿ. ಕಂಪ್ಯೂಟರ್ ಈಗ ಕಣ್ಣು ಮಿಟುಕಿಸೋದ್ರೊಳಗೆ ಆನ್ ಆಗ್ತದೆ ಸಾರ್. ಗಂಗಾದೇವಿಗೆ ಇನ್ನೂ ಹೇಳಿಲ್ಲ. ತನ್ನ ಮಾತು ಮನೇಲೈತೆ ಅಂತ್ಲೇ ಅಂದ್ಕೊಂಡವ್ಳೆ.

ಇಷ್ಟೂ ನಾನು ಬಲ್ಲಂಗೆ ನಿಜ, ಒಂದು ಮಾತೂ ಸೇರಿಸಿಲ್ಲ. ಜಾಗ ಜೂಜುವಾಡಿ ಬಸ್ ಸ್ಟಾಪು, ತಾರೀಕು ಹದಿನಾಕು, ಮಂಗಳವಾರ. ಸೈನು ಡ್ಯೂಟಿ ಮುಗಿಸ್ಕೊಂಡು ಬಂದು ಹಾ... ಇರಿ ಸಾರ್, ಗಂಗಾದೇವಿ ಫೋನ್ ಬತ್ತೈತೆ. ಅವಳು ಬಳೆ ಅಲ್ಲಾಡಿಸ್ತಾಳೆ, ಅಷ್ಟೇ. ಮಾತೆಲ್ಲ ನಾನೇ ಆಡ್ಬೇಕು. ಇಡ್ತೀನಿ.